ಹನಿ ಲೆಕ್ಕ

ಸೊಹಾರ್‌ನ ನಮ್ಮ ಶಾಲೆಯ ಹಿಂಗೋಡೆಯಲ್ಲಿ
ಆರನೇ ಕ್ಲಾಸಿನ ಏಸಿ ತೊಟ್ಟಿಕ್ಕುತ್ತದೆ.
ಕೆಳಗೆ ಮೊಸರಿನ ಖಾಲಿ ಬಕೆಟ್ಟು.
ಮೈನಾ ಬಂದು ಕುಡಿದು ಹೋಗುತ್ತದೆ.
ಲೆಕ್ಕಕ್ಕೆ ಮೊದಲ ತೊಡಕು ಅದೇ.

"ಅಂಕಲ್, ಕೆಲವು ದಿನ ತುಂಬಿ ಚೆಲ್ಲುತ್ತದೆ,
ಕೆಲವು ದಿನ ತಳವೂ ಒದ್ದೆ ಇಲ್ಲ. ಯಾಕೆ?"
ಕೇಳಿದ್ದು ಅಫ್ರಾ.
ನಾನು ಲ್ಯಾಬಿನ ಬೀಗದ ಕೈಯವನು,
ಪ್ರನಾಳ ತೊಳೆಯುವವನು;
ಉತ್ತರ ಹೇಳುವುದಕ್ಕೆ ನನಗೆ ಸಂಬಳ ಇಲ್ಲ.
ಸಂಬಳ ಇದ್ದ ಲವೀನಾ ಟೀಚರೂ ಹೇಳಲಿಲ್ಲ.
"ಮೊದಲು ಊಹಿಸಿ" ಎಂದರು,
"ಪೆನ್ನಲ್ಲಿ ಬರೀರಿ, ಪೆನ್ಸಿಲ್ ಬೇಡ."

ಬಿಸಿಲು ಏರಿದಷ್ಟೂ ನೀರು ಜಾಸ್ತಿ: ಪ್ರಖ್ಯಾತ್.
ಏಸಿ ಕೆಟ್ಟಿದೆ: ಜೆಸ್ವಿನ್,
ಅವನಪ್ಪ ಏಸಿ ರಿಪೇರಿಯವರು.
ಅಫ್ರಾ ಬರೆದದ್ದು: ಗೊತ್ತಿಲ್ಲ.
ಅದಕ್ಕೂ ಟೀಚರ್ ಟಿಕ್ ಹಾಕಿದರು.

ಬಕೆಟ್ಟಿಗೆ ಬಲೆ ಕಟ್ಟಿದೆವು,
ಮೈನಾಕ್ಕೆ ಬೇರೆ ಬಟ್ಟಲಿಟ್ಟೆವು.
ಅದೇ ಏಸಿ, ಅದೇ ಬಕೆಟ್ಟು,
ದಿನಾ ಹತ್ತರಿಂದ ಹನ್ನೊಂದು;
ಬದಲಾಗುವುದಿದ್ದರೆ ಹೊರಗಿನ ಗಾಳಿ ಬದಲಾಗಲಿ.
ಬಾಗಿಲು ಮಾತ್ರ ಗೇಣಗಲ ತೆರೆದಿರಲಿ ಎಂದೆ.
"ಯಾರ ಗೇಣು?" ಎಂದ ಜೆಸ್ವಿನ್,
ತನ್ನ ಕೈಯನ್ನು ನನ್ನ ಕೈಗೆ ಅಂಟಿಸಿ ತೋರಿಸಿ.
ನಾಲ್ಕು ಬೆರಳಿನಷ್ಟು ಜಗಳ ಅಲ್ಲೇ ಇತ್ತು.

ಸ್ಕೇಲು ತಂದೆ. ಅದರ ಸೊನ್ನೆ ಸವೆದುಹೋಗಿತ್ತು.
"ಒಂದರಿಂದ ಶುರುಮಾಡು,
ಕೊನೆಗೆ ಒಂದು ಕಳೆ" ಎಂದರು ಟೀಚರ್.
ಪಾಸ್‌ಪೋರ್ಟಿನಲ್ಲಿ ನನ್ನ ಜನ್ಮದಿನ ಜೂನ್ ಒಂದು,
ಹೆಡ್‌ಮಾಸ್ತರರು ಬರೆದುಕೊಟ್ಟದ್ದು.
ನಿಜವಾದ ದಿನ ಅಮ್ಮನಿಗೆ ಗೊತ್ತಿದ್ದದ್ದು ಇಷ್ಟೇ:
ಆ ಮಧ್ಯಾಹ್ನ ಬಾವಿಗೆ ಕರು ಬಿದ್ದಿತ್ತಂತೆ.
ಎಷ್ಟು ಕಳೆಯಬೇಕು ಎಂದು ನನಗೆ ಯಾರೂ ಹೇಳಲಿಲ್ಲ.

ಅಳತೆ ಜಾಡಿಯ ಮುಂದೆ ಮೂವರು.
ನಿಂತೇ ನೋಡಿದ ಪ್ರಖ್ಯಾತ್‌ಗೆ ಇನ್ನೂರಿಪ್ಪತ್ತು,
ಅರ್ಧ ಬಗ್ಗಿದವನಿಗೆ ಇನ್ನೂರ ಹದಿನಾಲ್ಕು.
ಮಂಡಿಯೂರಿ, ಕಣ್ಣು ನೀರಿನ ಮಟ್ಟಕ್ಕಿಳಿಸಿ,
ನೀರು ನಡುವೆ ತಗ್ಗಿದಲ್ಲಿ, ಬಟ್ಟಲಿನ ತಳದಂಥ ಜಾಗದಲ್ಲಿ,
ಅಫ್ರಾ ಓದಿದಳು: ಇನ್ನೂರ ಹತ್ತು.
ಮೂವರೂ ಪುನಃ ಮಂಡಿಯೂರಿದರು.
ಆಗಲೂ ಒಂದು ಗೆರೆ ಆಚೀಚೆ. ಅದನ್ನೂ ಬರೆದರು.

ಅಕ್ಟೋಬರದ ಒಂದು ಮಂಗಳವಾರ
ಮರಳಿನ ಕಡೆಯಿಂದ ಒಣಗಾಳಿ.
ಉಷ್ಣಮಾಪಕದಲ್ಲಿ ನಲವತ್ತೊಂದು;
ಬಕೆಟ್ಟಿನಲ್ಲಿ ಒಂದು ಚಮಚೆ.
ಗುರುವಾರ ಕಡಲಿನ ಕಡೆಯಿಂದ ಗಾಳಿ,
ಮೂವತ್ತಮೂರೇ ಡಿಗ್ರಿ, ಕನ್ನಡಕವೆಲ್ಲ ಮಂಜು;
ಜಾಡಿ ನಾಲ್ಕು ಸಲ ತುಂಬಿ ಇನ್ನೂ ಮಿಕ್ಕಿತು.

ಪ್ರಖ್ಯಾತ್ ತನ್ನ ಊಹೆಯ ಮೇಲೆ ರಬ್ಬರು ಉಜ್ಜಿದ.
ಕಾಗದ ಹರಿಯಿತು, ಶಾಯಿ ಹೋಗಲಿಲ್ಲ.
"ಒಂದೇ ಗೆರೆ ಎಳಿ ಸಾಕು" ಎಂದರು ಟೀಚರ್,
"ಏನು ತಪ್ಪಿದೆ ಅಂತ ಆಮೇಲೆ ಓದಲಿಕ್ಕೆ ಬರಬೇಕು."
ಅವನು ಗೆರೆ ಎಳೆದ. ತುಸು ಸೊಟ್ಟಗೆ, ಸಿಟ್ಟಿನಿಂದ.
ಆಮೇಲೆ ತಾನಾಗಿಯೇ ಕೇಳಿದ:
"ಹಾಗಾದರೆ ಇದು ಸಮುದ್ರದ್ದಾ, ಮಿಸ್?
ಉಪ್ಪು ಉಂಟಾ ನೋಡಲಾ?"
ನಾಲಗೆ ಚಾಚುವಷ್ಟರಲ್ಲಿ ನಾನು ಬಕೆಟ್ಟು ಕಸಿದೆ:
ಲ್ಯಾಬಿನ ಮೊದಲ ನಿಯಮ, ಏನನ್ನೂ ರುಚಿ ನೋಡುವಂತಿಲ್ಲ.
ಗಾಜಿನ ಮೇಲೆ ನಾಲ್ಕು ಹನಿ ಒಣಗಿಸಿದೆವು.
ಉಪ್ಪಿರಲಿಲ್ಲ. ಧೂಳಿನ ಸಣ್ಣ ಉಂಗುರವೊಂದಿತ್ತು,
ಅದಕ್ಕೊಂದು ಹೊಸ ಪುಟ ಬೇಕಾಯಿತು.

ಸಂಜೆ ಜೆಸ್ವಿನ್‌ನ ಅಪ್ಪ ಗೇಟಿನಲ್ಲಿ ಸಿಕ್ಕರು.
"ಹದಿನಾರು ವರ್ಷ ಈ ನೀರು ಒರೆಸಿದ್ದೇನೆ ಮಾರಾಯ್ರೆ,
ಎಲ್ಲಿಂದ ಬಂತು ಅಂತ ಕೇಳಲಿಲ್ಲ.
ಸೋರುವುದು ನಿಂತರೆ ಸಾಕಿತ್ತು."

ಆ ರಾತ್ರಿ ನನ್ನ ಕೋಣೆಯ ಏಸಿಗೂ
ಒಂದು ಬಾಟಲಿ ಒಡ್ಡಿ ಮಲಗಿದೆ.
ಬೆಳಿಗ್ಗೆ ಮಂಡಿಯೂರಿದೆ; ಮೊಣಕಾಲು ಲಟಕ್ಕೆಂದಿತು.
ಗುಟ್ಟಿನಂತೆ ಅಫ್ರಾಗೆ ಹೇಳಿದೆ:
"ನಾನೂರ ಇಪ್ಪತ್ತು!"
"ಏನು ನಾನೂರ ಇಪ್ಪತ್ತು? ಮಿಲಿಲೀಟರಾ?"
ಹೂಂ ಎಂದೆ.
"ಎಷ್ಟು ಹೊತ್ತಿಗೆ, ಅಂಕಲ್?"

ಗಡಿಯಾರ ನೋಡಿರಲಿಲ್ಲ.