ಷರಾ

ದುರ್ಗಿಗುಡಿ, ಮೂರನೇ ಮಹಡಿ. ಹೆಡ್‌ಫೋನಿನ ಸ್ಪಂಜಿಗೆ
ಹಿಂದಿನ ಪಾಳಿಯವನ ಹರಳೆಣ್ಣೆ ವಾಸನೆ.
ರೆಕಾರ್ಡಿಂಗ್ ನಲವತ್ತೊಂದು: ಭದ್ರಾವತಿಯ ಯೂನಿಯನ್ನಿನ ಲಿಂಗೋಜಿ,
ಸೊರಬದ ತಂಗಿ.

ಎಮ್ಮೆ ಈದ ಸುದ್ದಿ. ಕೆಮ್ಮು.
ಆಮೇಲೆ ಇದ್ದಕ್ಕಿದ್ದ ಹಾಗೆ,
"ಕಸ ಕರ ಕಮಾ ಕರಿ ಕದೆ.
ಕಹೇ ಕಳ ಕಬೇ ಕಡ."
ಅವಳು ಒಂಬತ್ತು ಸೆಕೆಂಡು ಸುಮ್ಮನೆ.

ಸಾಹೇಬರ ಕೆಂಪು ಶಾಯಿ:
ಗುಪ್ತ ಸಂಕೇತ. ಬಿಡಿಸಿ. ತುರ್ತು.

ಬಿಡಿಸುವುದೇನು ಬಂತು. ನಾಲ್ಕನೇ ಕ್ಲಾಸಿನಲ್ಲಿ
ನಾನೂ ಜಲಜಾಕ್ಷಿಯೂ
ಮೇಷ್ಟ್ರ ಮೂಗಿನ ಕೆಳಗೇ ಕೂತು
ಆ ಮೂಗನ್ನೇ ಆಡಿಕೊಂಡದ್ದು ಈ ಕ-ಭಾಷೆಯಲ್ಲಿ.

ಷರಾ ಕಾಲಮ್ಮಿನಲ್ಲಿ ಬರೆದೆ: ಅರ್ಥವಾಗಲಿಲ್ಲ.

ಸಂಜೆ ಗಾಂಧಿ ಬಜಾರಿನ ಗಿರವಿ ಅಂಗಡಿಗಳ ಮುಂದೆ
ಯಾಕೋ ಕಾಲು ನಿಧಾನವಾಯಿತು.
ಎಷ್ಟೋ ವರ್ಷದ ಮೇಲೆ
ಜಲಜಾಕ್ಷಿಗೆ ಫೋನು ಮಾಡಿದೆ.
ಆ ಕಡೆ ಅವಳು "ಯಾರು?" ಅಂದಳು.
ಹೆಸರು ಹೇಳಲು ಹೋದವಳ ಬಾಯಿಗೆ
ಮೊದಲು ಬಂದದ್ದು
ಕ.