ಕತ್ತರಿಗಿಂತ ಮೊದಲು ನೀರು

ಬಳ್ಳಾರಿ ಕೌಲ್ ಬಜಾರಿನ ಹಿಂದಿನ ಓಣಿಯೊಳಗ
ಮೂವತ್ತೊಂದು ವರ್ಷ ಜೀನ್ಸ್ ಕತ್ತರಿಸಿದ ಕೈ ಇದು.
ಉಗುರಿನ ಸಂದಿಯ ನೀಲಿ
ನಿಂಬಿಹುಳಿ ಹಚ್ಚಿ ತಿಕ್ಕಿದರೂ ಹೋಗಿಲ್ಲ,
ಮಗಳ ಮದುವಿ ಫೋಟೋದಾಗೂ ಐತಿ.

ಹೊಸ ಹುಡುಗರಿಗೆ ನಾ ಮೊದಲು ಕಲಿಸೋದು ಒಂದೇ ಮಾತು:
ನೆನೆಸದ ಬಟ್ಟಿಗೆ ಕತ್ತರಿ ಹಾಕಬ್ಯಾಡ್ರಿ.
ಒಣಗಿದ್ದಾಗ ಅದು ಸುಳ್ಳು ಅಳತಿ ಹೇಳ್ತದ,
ನೀರು ಕಂಡ ಮ್ಯಾಲೇ ಖರೆ ಮಾತಾಡ್ತದ.

ಇಂಥಾ ನಾನು,
ಗಾದಿಲಿಂಗಪ್ಪ, ಕಟಿಂಗ್ ಮಾಸ್ತರ,
ಒಂದು ಮಂಗಳವಾರ ನಸುಕಿನಾಗ
ಒಣ ಚಿಯಾ ಬೀಜ ಒಂದು ಚಮಚ ಬಾಯಿಗೆ ಸುರಕೊಂಡು
ಮ್ಯಾಲೆ ಎರಡು ಗುಟುಕು ನೀರು ಕುಡಿದೆ.

ಕಾರಣ ಹೇಳಬೇಕಂದ್ರ ನಾಚಿಕಿ.
ನಿಂತೇ ಕೆಲಸ, ನಿಂತೇ ಊಟ,
ಮುಂಜಾನೆ ಒಗ್ಗಾಣಿ ಮಿರ್ಚಿ, ಸಂಜಿಗೆ ಮತ್ತ ಮಿರ್ಚಿ,
ನಡುವೆ ಎಣಿಸಲಾರದಷ್ಟು ಚಾ.
ಹೊಟ್ಟಿ ಮೂರು ದಿನಕ್ಕೊಮ್ಮೆ ಕರುಣಿ ತೋರ್ತಿತ್ತು.
ವಾಷಿಂಗ್ ಯೂನಿಟ್ಟಿನ ಹೊನ್ನೂರಸಾಬ ಪ್ಯಾಕೆಟ್ ಕೊಟ್ಟು ಅಂದ:
'ಮಾಸ್ತರ್, ಇದರಾಗ ನಾರು ಐತಿ, ಸುಣ್ಣದಂಶ ಐತಿ,
ಮೀನು ಮುಟ್ಟದ ನಿಮ್ಮಂಥವರಿಗೆ
ಮೀನೆಣ್ಣಿಗೆ ದೂರದ ಸಂಬಂಧಿ ಒಂದು ಎಣ್ಣಿ ಐತಿ.'
ನೆನೆಸು ಅಂತನೂ ಅಂದಿದ್ದನಂತ.
ಹದಿನಾಲ್ಕು ಮಷೀನು ಓಡೋ ಜಾಗ,
ಆ ಒಂದು ಮಾತು ಯಾವ ಸೂಜಿಗೆ ಸಿಕ್ಕಿತೋ.

ಎದಿಯ ನಡುವೆ ಏನೋ ನಿಂತಿತು.
ನಿಂತದ್ದು ಕೂತಿತು,
ಕೂತದ್ದು ಹಿಗ್ಗಲಿಕ್ಕೆ ಹತ್ತಿತು.
ಉಗುಳು ಸೈತ ಇಳೀವಲ್ದು.
ಸುಂಕಮ್ಮ ನೀರಿನ ಚಂಬು ಹಿಡಕೊಂಡು ಓಡಿ ಬಂದಳು,
ಕೈ ಅಲ್ಲಾಡಿಸಿದೆ, ಬ್ಯಾಡ,
ನೀರಿಗೇ ಅದು ಕಾಯಾಕ ಹತ್ಯಾದ.

ದೊಡ್ಡಾಸ್ಪತ್ರಿಯೊಳಗ ಗಂಟಲಿಗೆ ನಳಿಕಿ ಇಳಿಸಿ
ಅಂಟಿನ ಮುದ್ದಿ ತೆಗೆದರು.
ಆಮೇಲೆ ಡಾಕ್ಟರಮ್ಮ ರುಬೀನಾ ಬಯ್ಯಲಿಲ್ಲ,
ಒಂದು ಬಟ್ಟಲಿಗೆ ಚಿಟಿಕಿ ಬೀಜ ಹಾಕಿ
ನೀರು ಬಿಟ್ಟು ನನ್ನ ಮುಂದ ಇಟ್ಟರು.
ಗಡಿಯಾರ ನೋಡ್ತಾ ಕೂತೆ.
ಎಳ್ಳಿಗಿಂತ ಸಣ್ಣವು,
ಒಂದೊಂದೂ ಮಂಜಿನ ಅಂಗಿ ತೊಟ್ಟು
ಒಂದನ್ನೊಂದು ತಬ್ಬಿಕೊಂಡವು.
'ತನ್ನ ತೂಕದ ಹತ್ತು ಪಟ್ಟು ಕುಡಿತದ ಇದು.
ಎಲ್ಲಿ ಕುಡಿಬೇಕು ಅನ್ನೋದಷ್ಟೇ ಪ್ರಶ್ನೆ,
ಲೋಟದಾಗೋ, ನಿಮ್ಮ ಕೊಳವಿಯಾಗೋ?'

ಚೀಟಿ ಬರೆಯಲಿಲ್ಲ, ಬೆರಳು ಮಡಚಲಿಲ್ಲ,
ಮಾತಿನ ನಡುನಡುವೆ ಹೇಳಿದರು:
ಮೊದಲ ವಾರ ಅರ್ಧ ಚಮಚ ಸಾಕು,
ಒಮ್ಮೆಲೆ ನಾರು ಹೇರಿದರ ಹೊಟ್ಟಿ ಉಬ್ಬುತ್ತದ.
ರಾತ್ರಿ ನೆನೆಸಿದ್ದು ಮಜ್ಜಿಗಿಗೋ ಅಂಬಲಿಗೋ ಬೆರೆಸಿ ಉಣ್ಣಿ,
ದಿನವಿಡೀ ನೀರು ಕುಡೀರಿ,
ನೀರಿಲ್ಲದ ನಾರು ಮತ್ತ ಕಟ್ಟಿಹಾಕ್ತದ.
ನುಂಗೋದು ಮೊದಲೇ ಕಷ್ಟ ಇದ್ದವರು ಮುಟ್ಟಬಾರದು.
ರಕ್ತ ತೆಳು ಮಾಡೋ ಗುಳಿಗಿ, ಬಿಪಿ ಗುಳಿಗಿ, ಸಕ್ಕರಿ ಗುಳಿಗಿ
ತಗೊಳ್ಳೋರು ಕೇಳಿಯೇ ತಿನ್ನಬೇಕು.
'ಔಷಧಿ ಅಲ್ಲ ಇದು, ಊಟ' ಅಂದರು, 'ನೆನಪಿಡ್ರಿ.'

ಮನಿಗೆ ಬಂದ್ರ ಸುಂಕಮ್ಮ
ಅಗಸಿ ಹಿಂಡಿಯ ಡಬ್ಬಿ ನನ್ನ ಮುಂದ ಕುಕ್ಕಿದಳು.
'ಸಮುದ್ರ ದಾಟಿ ಬಂದ ಬೀಜಕ್ಕ ಕಿವಿಗೊಟ್ಟಿ,
ಇಪ್ಪತ್ತೆಂಟು ವರ್ಷ ನಾ ಹುರಿದು ಕುಟ್ಟಿದ ಅಗಸಿಯೊಳಗ
ಅದೇ ಎಣ್ಣಿ ಐತಂತಲ್ಲ, ಡಾಕ್ಟರಮ್ಮನ್ನ ಕೇಳೀನಿ.
ನೀ ಅದನ್ನ ತಾಟಿನ ಅಂಚಿಗೆ ಸರಿಸಿ ಎದ್ದು ಹೋಗ್ತಿದ್ದಿ.'
ಉತ್ತರ ಇರಲಿಲ್ಲ.
ಗಂಟಲು ಇನ್ನೂ ಉರಿತಿತ್ತು, ಅದೇ ನೆಪ ಆತು.

ಈಗ ಎರಡೂ ಅದಾವು.
ಜ್ವಾಳದ ರೊಟ್ಟಿಗೆ ಅಗಸಿ ಹಿಂಡಿ ಮೊಸರು,
ರಾತ್ರಿ ಕಿಟಕಿ ಕಟ್ಟಿ ಮ್ಯಾಲೆ ಒಂದು ಗಾಜಿನ ಲೋಟ.
ಕರೆಂಟು ಹೋದ ಸೆಕಿಯಾಗ ನಿದ್ದಿ ಬಾರದ್ದಕ್ಕ
ಬ್ಯಾಟರಿ ಹಾಕಿ ಅದನ್ನೇ ನೋಡ್ತೀನಿ.
ಅವಸರ ಇಲ್ಲ ಅದಕ್ಕ.
ಹೊಟ್ಟಿಯೂ ನಿಧಾನಕ್ಕ ದಾರಿಗೆ ಬರಾಕ ಹತ್ಯಾದ,
ಪೂರಾ ಬಂದಿಲ್ಲ, ಮಿರ್ಚಿ ಪೂರಾ ಬಿಟ್ಟಿಲ್ಲ.

ನಿನ್ನಿ ಹೊಸ ಹುಡುಗ ಎರ್ರಿಸ್ವಾಮಿ
ಒಣ ಥಾನಿನ ಮ್ಯಾಲೆ ಚಾಕ್ ಇಟ್ಟಿದ್ದ.
'ಏಯ್, ಮೊದಲು ನೆನೆಸೋ' ಅಂದೆ.
ಹೊನ್ನೂರಸಾಬ ಬಾಗಲದಾಗ ನಿಂತು
ನಗು ತಡಕೊಂಡು ಕೇಳಿದ:
'ಯಾವುದನ್ನ ಮಾಸ್ತರ್?'