ಎಷ್ಟು ಕತ್ತಲಾದರೆ ಕತ್ತಲು

ಹೆಲ್ದುರ್ ಕೊಟ್ಟದ್ದು ಹಳೇ ಲಾಡಾ ಕಾರಿನ ವೈಪರ್ ಮೋಟಾರು.
"ಮೂವತ್ತು ವರ್ಷ ಮಳೆ ಒರೆಸಿದೆ, ಇನ್ನು ಬಾಗಿಲೆತ್ತಲಿ" ಅಂದ.
ದಾರ, ಅಪ್ಪನ ಗಾಳದ ಪೆಟ್ಟಿಗೆಯಿಂದ.
ತಗಡು, ಮುಚ್ಚಿಹೋದ ಶಾಲೆಯ ಬೋರ್ಡು;
ಇನ್ನೂ ಓದಬಹುದು ಅದರ ಮೇಲೆ: ಓಡಬಾರದು.

ಸೌರಫಲಕವೊಂದೇ ಹೊಸದು,
ಎರಡು ಅಂಗೈ ಜೋಡಿಸಿದಷ್ಟಗಲ.
ಜುನಿಪರ್ ಪೊದೆಯ ನೆರಳು ತಪ್ಪಿಸಿ
ತೆಂಕಲಿಗೆ ಮುಖಮಾಡಿ ಕೂರಿಸಿದೆ.
ಹಿಯುಮಾ ದ್ವೀಪದ ಬಿಸಿಲು ಜಿಪುಣ,
ಬ್ಯಾಟರಿ ಅದಕ್ಕಿಂತ ಜಿಪುಣ,
ಹೇಗೋ ಹೊಂದಿಕೊಂಡವು.

ಮೊದಲ ದಿನ ಬಾಗಿಲು ಅರ್ಧಕ್ಕೇ ನಿಂತಿತು.
ಎರಡನೆಯ ದಿನ ನಿಲ್ಲಲೇ ಇಲ್ಲ,
ದಾರವನ್ನೆಲ್ಲ ನುಂಗಿ ಮೊಳೆ ಸಮೇತ ಕಿತ್ತುಬಂತು.
ಮೇಲೊಂದು, ಕೆಳಗೊಂದು ಸ್ವಿಚ್ಚು ಇಟ್ಟೆ:
ಇಲ್ಲಿಗೆ ಸಾಕು. ಇಲ್ಲಿಗೂ ಸಾಕು.
ಸಾಕು ಅನ್ನುವುದನ್ನು ಯಂತ್ರ ಬೇಗ ಕಲಿಯಿತು.

ಕಲಿಸಲು ಬಾರದ್ದು ಕತ್ತಲು.

ಹೆಸರುಕಾಳಿನಷ್ಟು ಒಂದು ಬೆಳಕಿನ ಕಣ್ಣು,
ಪಕ್ಕದಲ್ಲಿ ಉಗುರಿಗೆ ಸಿಗುವಷ್ಟು ತಿರುಪು.
ಬೈಗಿನ ಕಡೆ ತಿರುಗಿಸಿದರೆ ಕೋಳಿಗಳು ಇನ್ನೂ ಹುಲ್ಲಿನಲ್ಲಿ.
ಕಗ್ಗತ್ತಲ ಕಡೆ ತಿರುಗಿಸಿದರೆ ನರಿ ಅಷ್ಟರಲ್ಲಿ ಒಳಗೆ.
ನಡುವೆ ನಸುಗತ್ತಲು,
ಒಂದು ಕೂದಲೆಳೆ.

ಏಳು ಸಂಜೆ ಬಕೆಟ್ಟು ಬೋರಲು ಹಾಕಿ ಕೂತೆ,
ಮಡಿಲಲ್ಲಿ ಮೀಟರು, ಕಿವಿಯ ಹಿಂದೆ ಪೆನ್ಸಿಲ್ಲು.
ಆರು ಕೋಳಿ ಒಂದೇ ಅಳತೆಗೆ ಒಳಹೊಕ್ಕವು
ಕಾರ್ಖಾನೆಯ ಸೈರನ್ನು ಕೇಳಿದವರಂತೆ.
ಏಳನೆಯವಳು ತೀಯು.
ಬೂದು ಬಣ್ಣ, ಒಂದು ಬೆರಳು ಮೊಂಡು.
ಅವಳಿಗೆ ಮಾತ್ರ ಕೊನೆಯ ಎರೆಹುಳು ಇನ್ನೂ ಸಿಕ್ಕಿಲ್ಲ.
ಉಳಿದವರೆಲ್ಲ ಕೋಲಿನ ಮೇಲೆ ಒತ್ತಿಕೊಂಡು ಕೂತಮೇಲೆ
ಯಾರೋ ಕರೆದರೆಂಬಂತೆ ತಲೆಯೆತ್ತಿ ನೋಡಿ
ಮತ್ತೆ ಕೆದಕುತ್ತಾಳೆ.
ನಾಲ್ಕು ನಿಮಿಷ. ಕೆಲವು ದಿನ ಆರು.

ಹೆಲ್ದುರ್‌ನನ್ನು ಕೇಳಿದೆ. ಬೆರಳು ಮಡಿಸಿ ಲೆಕ್ಕ ಹಾಕಿದ:
ಆರು ಜೀವದೆದುರು ಒಂದು. ತಿರುಪು ಮುಟ್ಟಬೇಡ.
ಹೇಳುವುದು ಸುಲಭ. ಅವನು ಸಾಕಿರುವುದು ಜೇನು.

ನಾನು ಮನೆಯಲ್ಲಿರುವ ಹಾಗಿದ್ದರೆ ಈ ಯಂತ್ರವೇ ಬೇಡವಿತ್ತು.
ಸಂಜೆಯ ಹಡಗಿನಲ್ಲಿ ಕಾರು ನಿಲ್ಲಿಸುವ ಅಂತಸ್ತು ನನ್ನದು:
ಕಿತ್ತಳೆ ಜಾಕೆಟ್ಟು, ಕೈಯಲ್ಲಿ ಟಾರ್ಚು,
ಮುಂದೆ, ಮುಂದೆ, ಇನ್ನೊಂದು ಗೇಣು, ಸಾಕು.
ಹೊತ್ತಿಗೆ ಸರಿಯಾಗಿ ದಡದ ಹಲಗೆ ಮೇಲೇಳುತ್ತದೆ.
ಗುಂಡಿ ಒತ್ತುವುದು ನಾನೇ.

ನಿನ್ನೆ, ಸೆಪ್ಟೆಂಬರಿನ ಕಡಲು ಸೀಸದ ಬಣ್ಣಕ್ಕೆ ತಿರುಗುವಾಗ
ನನ್ನ ಜಾಕೆಟ್ಟಿನ ಕಿತ್ತಳೆ ಆರಿಹೋಯಿತು.
ಆ ಅಳತೆ ನನಗೆ ಬಾಯಿಪಾಠ.
ಈಗ ಅಲ್ಲಿ ಮೋಟಾರು ಮುಲುಗುತ್ತಿರುತ್ತದೆ,
ಓಡಬಾರದು ಅನ್ನುವ ತಗಡು ಇಳಿಯುತ್ತಿರುತ್ತದೆ.

ಹಲಗೆ ಅರ್ಧ ಎದ್ದಿತ್ತು. ಬಂದರಿನ ರಸ್ತೆಯ ತುದಿಗೆ
ಎರಡು ದೀಪ, ಮಿಣುಕುತ್ತ, ಓಡೋಡಿ ಬರುತ್ತ.
ಗುಂಡಿಯ ಮೇಲೆ ನನ್ನ ಹೆಬ್ಬೆರಳು.
ಮೇಲಿನಿಂದ ಕಪ್ತಾನ ಹೆಸರು ಹಿಡಿದು ಕೂಗಿದ, ಮಾರಿಕಾ.

ಎಣಿಸಿದೆ, ಕಾಳು ಹಾಕುವಾಗಿನ ದನಿಯಲ್ಲಿ:
ಒಂದು. ಎರಡು. ಮೂರು.
ನಾಲ್ಕು.